ಅಜ್ಜಿಯ ವಿಭೂತಿಯೂ ನನ್ನ ಸ್ಲ್ಯಾಬೂ

ಅಜ್ಜಿಯ ಪೆಟ್ಟಿಗೆಯಿಂದ ನನ್ನ ಪಾಲಿಗೆ ಬಂದದ್ದು ಹನ್ನೊಂದು ಬೆಳ್ಳಿ ರೂಪಾಯಿ. ನಮ್ಮದು ಕರಾವಳಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಳ್ಳಿ ಕಪ್ಪಾಗುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಅಜ್ಜಿ ಅವಕ್ಕೆ ವಿಭೂತಿ ಹಚ್ಚಿ, ಹಳೆಯ ಪಂಚೆಯ ತುಂಡಿನಿಂದ ತಿಕ್ಕಿ ಫಳಫಳ ಮಾಡುತ್ತಿದ್ದರು. ಆ ಹೊಳಪನ್ನು ನಂಬಿಯೇ ನಾನು ಆರು ವರ್ಷದ ಹಿಂದೆ ಮೂರು ರೂಪಾಯಿಗಳನ್ನು ಗ್ರೇಡಿಂಗ್‌ಗೆ ಕಳುಹಿಸಲು ಹೊರಟೆ. ಜೊತೆಗೆ ನಾನೇ ಕೊಂಡಿದ್ದ 1911ರದೊಂದು.

ಗ್ರೇಡಿಂಗ್ ಎಂದರೆ, ಕೊಳ್ಳುವವನೂ ಅಲ್ಲದ ಮಾರುವವನೂ ಅಲ್ಲದ ಮೂರನೆಯವರು ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ, 1ರಿಂದ 70ರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವುದು. ಆ ಕವಚಕ್ಕೇ ಸ್ಲ್ಯಾಬ್ ಎನ್ನುತ್ತೇವೆ. ಈ ಕೆಲಸ ಮಾಡುವ ಅಮೆರಿಕದ ಸಂಸ್ಥೆಗಳಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ಅಂಕದ ಲೆಕ್ಕ ಅವಕ್ಕಿಂತ ಹಳೆಯದು. ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ಅಲ್ಲಿನ ಸಂಗ್ರಾಹಕ ವಿಲಿಯಂ ಶೆಲ್ಡನ್ ಅದನ್ನು 1949ರಲ್ಲಿ ಹೊರತಂದರು. ಇದೇ ಶೆಲ್ಡನ್ ನ್ಯೂಯಾರ್ಕಿನ ಒಂದು ದೊಡ್ಡ ಸಂಗ್ರಹದಿಂದ ಒಳ್ಳೆಯ ಸೆಂಟ್‌ಗಳನ್ನು ತೆಗೆದು, ಜಾಗದಲ್ಲಿ ಕಳಪೆಯವನ್ನು ಇಟ್ಟಿದ್ದರು ಎಂಬುದು ಆಮೇಲೆ ಬಯಲಾಯಿತು. ಅಳತೆಗೋಲು ಮಾತ್ರ ಉಳಿದುಕೊಂಡಿತು.

ಅಮೆರಿಕಕ್ಕೇ ಕಳುಹಿಸುವ ಹುಮ್ಮಸ್ಸಿನಲ್ಲಿದ್ದ ನನ್ನನ್ನು ಹಿರಿಯ ಸಂಗ್ರಾಹಕರೊಬ್ಬರು ತಡೆದರು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಕಳುಹಿಸುವಂತಿಲ್ಲ. ಹಾಗಾಗಿ ನಾಲ್ಕೂ ದೇಶದೊಳಗಿನ ಸಂಸ್ಥೆಯೊಂದಕ್ಕೆ ಹೋದವು.

ಎರಡೂವರೆ ತಿಂಗಳ ನಂತರ ಪೊಟ್ಟಣ ಬಂತು. ಅಜ್ಜಿಯ ಮೂರಕ್ಕೂ ಅಂಕವೇ ಇಲ್ಲ. ಕವಚದೊಳಗಿನ ಚೀಟಿಯ ಮೇಲೆ 'ಕ್ಲೀನ್ಡ್' ಎಂದಷ್ಟೇ ಇತ್ತು. ಅಂದರೆ, ತಿಕ್ಕಿ ಮೇಲ್ಮೈ ಕೆಡಿಸಿದ ನಾಣ್ಯ, ಅದಕ್ಕೇ ಅಂಕವಿಲ್ಲ. ಸಿಟ್ಟು ಬಂತು. ಭೂತಗನ್ನಡಿ ಹಿಡಿದು ಕುಳಿತೆ. ಟೇಬಲ್ ದೀಪದಡಿ ಅಸಲು ಹೊಳಪಿನ ನಾಣ್ಯವನ್ನು ವಾಲಿಸಿದರೆ ಬೆಳಕು ಗಾಡಿಚಕ್ರದ ಅರೆಕಾಲುಗಳಂತೆ ಸುತ್ತುತ್ತದೆ. ಅಜ್ಜಿಯ 1862ರ ರೂಪಾಯಿಯಲ್ಲಿ ರಾಣಿ ವಿಕ್ಟೋರಿಯಾಳ ಕೆನ್ನೆಯ ಮೇಲೆ ಬೆಳಕು ಸುತ್ತಲಿಲ್ಲ, ನಿಂತಲ್ಲೇ ನಿಂತಿತು. ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡಿದ್ದವು. ಅಜ್ಜಿಯ ಕೈ ಓಡುತ್ತಿದ್ದ ದಿಕ್ಕು ಅದೇ ಇರಬೇಕು. ತೀರ್ಪು ಸರಿಯಾಗಿಯೇ ಇತ್ತು. ಶುಲ್ಕ, ಅಂಚೆ, ವಿಮೆ ಸೇರಿ ಪ್ರತಿಯೊಂದಕ್ಕೂ ಆದ ಖರ್ಚು ಮಾತ್ರ ಅದರೊಳಗಿನ ಬೆಳ್ಳಿಯ ಬೆಲೆಯನ್ನೇ ಮೀರಿತ್ತು.

1911ರದ್ದು ಬೇರೆಯೇ ಕಥೆ. ಆ ವರ್ಷದ ರೂಪಾಯಿಯಲ್ಲಿ ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು, 1912ರಲ್ಲಿ ಆನೆಯನ್ನು ತಿದ್ದಿದರು. ಅದಕ್ಕೇ ಬೇಡಿಕೆ, ಅದಕ್ಕೇ ನಕಲಿಗಳ ಕಾಟ. ನನ್ನದಕ್ಕೆ 62 ಅಂಕ ಬಂತು. ಬರಿಯ ನಾಣ್ಯದ ಚಿತ್ರ ತೋರಿಸಿದಾಗ ಹತ್ತು ಪ್ರಶ್ನೆ ಕೇಳುತ್ತಿದ್ದ ಗಿರಾಕಿಗಳು, ಸ್ಲ್ಯಾಬಿನ ಚಿತ್ರ ಕಂಡೊಡನೆ ನೇರ ಬೆಲೆಗೇ ಬಂದರು. ನಾಣ್ಯವನ್ನು ಕೈಯಲ್ಲಿ ಹಿಡಿಯದೆ ಕೊಳ್ಳುವವರಿಗೆ ಈ ಕವಚ ದೊಡ್ಡ ಧೈರ್ಯ. ಆದರೆ ಕವಚದ ನಕಲಿಯೂ ಪೇಟೆಯಲ್ಲಿದೆ. ಚೀಟಿಯ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಗೀರುಗೀರನ್ನೂ ಹೋಲಿಸದೆ ನಾನು ಕೊಳ್ಳುವುದಿಲ್ಲ.

ನನ್ನ ತಕರಾರು ಇನ್ನೊಂದಿದೆ. ಬ್ರಿಟಿಷ್ ರೂಪಾಯಿ ಅಸಲಿಯೇ ಎಂದು ನಾನು ಕಲಿತದ್ದು ತೂಕದಿಂದ, 11.66 ಗ್ರಾಂ, ಅಂಚಿನ ಗೆರೆಗಳಿಂದ, ಬೆರಳ ತುದಿಯಲ್ಲಿಟ್ಟು ತಟ್ಟಿದರೆ ಬರುವ ನಾದದಿಂದ. ಸ್ಲ್ಯಾಬ್ ಈ ಮೂರನ್ನೂ ಕಸಿದುಕೊಳ್ಳುತ್ತದೆ. ಬೇರೆಯವರ ಕಣ್ಣನ್ನು ನಂಬಬೇಕು, ಅಷ್ಟೇ. ಕವಚ ಗಾಳಿಯನ್ನು ಪೂರ್ತಿ ತಡೆಯುವುದೂ ಇಲ್ಲ. ಅದರೊಳಗೂ ಬೆಳ್ಳಿ ನಿಧಾನಕ್ಕೆ ಕಪ್ಪೇರುತ್ತದೆ. ಬೆರಳಿನ ಬೆವರು, ಬಟ್ಟೆಯ ತಿಕ್ಕಾಟ ತಪ್ಪುತ್ತದೆ ನಿಜ.

ಈಗ ಮಾರುವ ಉದ್ದೇಶವಿದ್ದು, ಬೆಲೆಯೂ ಹೆಚ್ಚಿದ್ದು, ನಕಲಿಯ ಅನುಮಾನ ಸುತ್ತುವಂಥ ನಾಣ್ಯವಾದರೆ ಮಾತ್ರ ಕಳುಹಿಸುತ್ತೇನೆ. 1911ರದ್ದು ಕವಚದಲ್ಲೇ ಇದೆ. ಅಜ್ಜಿಯ ಮೂರು ಸ್ಲ್ಯಾಬ್‌ಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಇಕ್ಕಳದಿಂದ ಮೂಲೆ ಹಿಡಿದು ಮುರಿದೆ. ಹೋದ ದೀಪಾವಳಿಗೆ ಅವನ್ನು ಅಮ್ಮನ ಕೈಗೆ ಕೊಟ್ಟು, ದಯವಿಟ್ಟು ವಿಭೂತಿ ಮುಟ್ಟಿಸಬೇಡ ಎಂದೆ.

"ಲಕ್ಷ್ಮಿಯ ಮುಂದೆ ಕಪ್ಪು ರೂಪಾಯಿ ಇಡುವುದೇನೋ?" ಎಂದರು ಅಮ್ಮ.