ನೀರಿನಡಿ ಕಳೆದುಹೋಗುವ ಕೆಂಪು: ಫಿಲ್ಟರ್ ಮತ್ತು ಸ್ಟ್ರೋಬ್ ಬಳಸುವ ಬಗೆ

ಇಳಕಲ್ ಸೀರೆಯ ಸೆರಗಿನ ಕೆಂಪು ಎಂಥದ್ದು ಎಂಬುದನ್ನು ಬಾಗಲಕೋಟೆ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಳೆಯದೊಂದು ಸೆರಗಿನಿಂದ ಕತ್ತರಿಸಿದ ಅಂಗೈಯಗಲದ ತುಂಡನ್ನು ಬಿಳಿ ಪ್ಲಾಸ್ಟಿಕ್ ಹಲಗೆಯೊಂದಕ್ಕೆ ಹೊಲಿದು, ಪ್ರತಿ ಸಲ ಸಮುದ್ರಕ್ಕಿಳಿಯುವಾಗಲೂ ನಾನು ಜೊತೆಗೆ ಒಯ್ಯುತ್ತೇನೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ, ದೋಣಿಯ ಮೇಲೆ ಕಣ್ಣು ಕೋರೈಸುವ ಆ ಕೆಂಪು 5 ಮೀಟರ್ ಇಳಿಯುವಷ್ಟರಲ್ಲಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. 10 ಮೀಟರಿನಲ್ಲಿ ಕಂದಾಗುತ್ತದೆ. ಇನ್ನೂ ಕೆಳಗಿಳಿದರೆ ಕಪ್ಪೋ ಕಂದೋ ಹೇಳಲಾಗದಂತಾಗುತ್ತದೆ. ಸೆರಗಿನ ಬಿಳಿ ತೆನೆಗಳೂ ನೀಲಿ ಹಸಿರು ಹಚ್ಚಿದಂತೆ ಕಾಣುತ್ತವೆ. ಅದೇ ತುಂಡಿನ ಮೇಲೆ ಅರ್ಧ ಮೀಟರ್ ದೂರದಿಂದ ಸ್ಟ್ರೋಬ್, ಅಂದರೆ ನೀರಿನಡಿ ಬಳಸುವ ಫ್ಲಾಶ್, ಒಮ್ಮೆ ಮಿಂಚಿದರೆ, ಚಿತ್ರದಲ್ಲಿ ಸೆರಗು ಮಗ್ಗದಿಂದ ಈಗತಾನೇ ಇಳಿದಂತೆ ಮೂಡುತ್ತದೆ. ನೀರಿನಡಿಯ ಛಾಯಾಗ್ರಹಣದಲ್ಲಿ ಬಣ್ಣದ ಬಗ್ಗೆ ಕಲಿಯಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ ಈ ತುಂಡಿನಲ್ಲಿ ಇದೆ.

ನೀರು ಬೆಳಕನ್ನು ಸಮನಾಗಿ ಹೀರುವುದಿಲ್ಲ. ಮೊದಲು ಕೆಂಪು ಹೋಗುತ್ತದೆ, ನಂತರ ಕಿತ್ತಳೆ, ಅದರ ನಂತರ ಹಳದಿ. ತಿಳಿ ಸಮುದ್ರದಲ್ಲಿ ನೀಲಿ ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಹೊಸಬರು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ಲೆಕ್ಕಕ್ಕೆ ಬರುವುದು ಆಳ ಮಾತ್ರವಲ್ಲ, ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದಾರಿ. ನೀವು 6 ಮೀಟರ್ ಆಳದಲ್ಲಿದ್ದು 4 ಮೀಟರ್ ದೂರದ ಬಂಡೆಯ ಚಿತ್ರ ತೆಗೆದರೆ, ಸೂರ್ಯನ ಬೆಳಕು ನಿಮ್ಮ ಲೆನ್ಸ್ ಮುಟ್ಟುವ ಹೊತ್ತಿಗೆ ಕನಿಷ್ಠ 10 ಮೀಟರ್ ನೀರನ್ನು ದಾಟಿರುತ್ತದೆ. ಆದ್ದರಿಂದ ಉಪಕರಣ ಯಾವುದೇ ಇರಲಿ, ವಸ್ತುವಿಗೆ ಹತ್ತಿರ ಹೋಗುವುದೇ ಬಣ್ಣ ಉಳಿಸಿಕೊಳ್ಳುವ ಮೊದಲ ಉಪಾಯ. ಗಾಳಿಗೂ ನೀರಿಗೂ ವಕ್ರೀಭವನದಲ್ಲಿ ವ್ಯತ್ಯಾಸವಿರುವುದರಿಂದ ನೀರಿನಡಿ ವಸ್ತುಗಳು ಇರುವುದಕ್ಕಿಂತ ಸುಮಾರು ಕಾಲು ಭಾಗ ಹತ್ತಿರದಲ್ಲಿದ್ದಂತೆ ಕಾಣುತ್ತವೆ. ಹೀಗಾಗಿ ಸಾಕಷ್ಟು ಹತ್ತಿರ ಬಂದೆನೆಂದು ನಿಮಗೆ ಅನಿಸಿದಾಗಲೂ ಇನ್ನಷ್ಟು ಮುಂದೆ ಹೋಗಬೇಕಾಗಿರುತ್ತದೆ.

ಲೆನ್ಸಿಗೆ ಹಾಕುವ ಬಣ್ಣದ ಫಿಲ್ಟರ್ ಯಾವಾಗ, ಸ್ಟ್ರೋಬ್ ಯಾವಾಗ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳವಾಗಿದೆ. ಬಿಸಿಲು ಚೆನ್ನಾಗಿದ್ದು, ಆಳ ಕಡಿಮೆಯಿದ್ದು, ಸ್ಟ್ರೋಬಿನ ಬೆಳಕು ತುಂಬಲಾರದಷ್ಟು ವಿಶಾಲವಾದ ದೃಶ್ಯವಿದ್ದರೆ, ಅಂದರೆ ಹವಳದ ಹಾಸು, ಮೀನಿನ ಹಿಂಡು, ಮುಳುಗಿದ ಹಡಗಿನ ಅವಶೇಷದಂಥದ್ದಿದ್ದರೆ, ಫಿಲ್ಟರ್ ಬಳಸಬೇಕು. ವಸ್ತು ಒಂದು ಮೀಟರಿನ ಒಳಗೆ ಸಿಗುವಂತಿದ್ದರೆ, ಅಥವಾ ಆಳ 15 ಮೀಟರಿಗಿಂತ ಹೆಚ್ಚಿದ್ದರೆ, ಸ್ಟ್ರೋಬ್ ಬೇಕೇ ಬೇಕು. ಮೊಬೈಲಿನಲ್ಲೋ ಚಿಕ್ಕ ಆ್ಯಕ್ಷನ್ ಕ್ಯಾಮೆರಾದಲ್ಲೋ ಚಿತ್ರ ತೆಗೆಯುವವರು ಫಿಲ್ಟರಿನಿಂದಲೇ ಆರಂಭಿಸುವುದು ಒಳ್ಳೆಯದು. ಅದು ಅಗ್ಗ, ಹಗುರ, ಮತ್ತು ಬೆಳಕಿನ ದಿಕ್ಕನ್ನು ಗಮನಿಸುವ ಅಭ್ಯಾಸವನ್ನು ಕಲಿಸುತ್ತದೆ.

ಫಿಲ್ಟರ್ ಕೆಂಪನ್ನು ಹೊಸದಾಗಿ ಸೇರಿಸುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅದು ನೀಲಿಯನ್ನೂ ಹಸಿರನ್ನೂ ತಡೆದು, ಅಳಿದುಳಿದ ಕೆಂಪಿಗೆ ಅವುಗಳ ಸಮಕ್ಕೆ ನಿಲ್ಲುವ ಅವಕಾಶ ಕೊಡುತ್ತದೆ, ಅಷ್ಟೇ. ಆದಕಾರಣ ಕೆಂಪು ಪೂರ್ತಿ ಅಳಿದಿರುವ ಆಳದಲ್ಲಿ ಫಿಲ್ಟರ್ ಚಿತ್ರವನ್ನು ಕತ್ತಲಾಗಿಸುವುದನ್ನು ಬಿಟ್ಟು ಬೇರೇನನ್ನೂ ಮಾಡದು. 3 ಮೀಟರಿಗಿಂತ ಮೇಲೆ ಹಾಕಿದರೆ ಎಲ್ಲವೂ ಅತಿ ಕೆಂಪಾಗುತ್ತದೆ. ಅದು ಚೆನ್ನಾಗಿ ಕೆಲಸ ಮಾಡುವುದು ಸುಮಾರು 5ರಿಂದ 15 ಮೀಟರ್ ಆಳದ ನಡುವೆ. ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಮಜೆಂಟಾ ಫಿಲ್ಟರ್ ಎಂಬುದು ಆಯ್ಕೆಯ ನಿಯಮ. ನಮ್ಮ ಭಾಗದವರು ಹೋಗುವ ನೇತ್ರಾಣಿ, ಗೋವೆಯ ಗ್ರಾಂಡ್ ಐಲ್ಯಾಂಡ್, ಬೆಳಗಾವಿಯವರಿಗೆ ಹತ್ತಿರವಾದ ಮಾಲವಣ ಮತ್ತು ತಾರಕರ್ಲಿ, ಈ ಯಾವ ಕಡೆಯೂ ನೀರಿನ ಬಣ್ಣ ದಿನದಿಂದ ದಿನಕ್ಕೆ ಬದಲಾಗುವುದರಿಂದ, ಎರಡನ್ನೂ ಜೊತೆಗಿಟ್ಟುಕೊಂಡು, ದೋಣಿಯಿಂದ ನೀರನ್ನು ನೋಡಿದ ಮೇಲೆ ನಿರ್ಧರಿಸುವುದು ಉತ್ತಮ.

ಫಿಲ್ಟರ್ ಹಾಕಿದಾಗ ಸೂರ್ಯ ನಿಮ್ಮ ಬೆನ್ನಿನ ಕಡೆಗಿರಬೇಕು, ಮತ್ತು ಕ್ಯಾಮೆರಾ ಸಮತಲವಾಗಿಯೋ ತುಸು ಕೆಳಮುಖವಾಗಿಯೋ ಇರಬೇಕು. ಮೇಲ್ಮುಖವಾಗಿ ತೆಗೆದರೆ ನೀರಿನ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೂರ್ಯ ನೆತ್ತಿಯ ಹತ್ತಿರವಿರುವ ಮಧ್ಯಾಹ್ನದ ಹೊತ್ತೇ ಇದಕ್ಕೆ ಸೂಕ್ತ. ಫಿಲ್ಟರ್ ಒಂದರಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ತಿನ್ನುವುದರಿಂದ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು), ಸೆನ್ಸರಿನ ಬೆಳಕಿನ ಸೂಕ್ಷ್ಮತೆಯಾದ ಐಎಸ್ಒ ಏರಿಸಬೇಕಾಗುತ್ತದೆ.

ಫಿಲ್ಟರಿನ ಜೊತೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಬರುವಂತೆ ಕ್ಯಾಮೆರಾದ ಬಣ್ಣದ ಲೆಕ್ಕ, ಹೊಂದಿಸದಿದ್ದರೆ ಅರ್ಧ ಕೆಲಸ ಬಾಕಿ ಉಳಿದಂತೆ. ಫಿಲ್ಟರ್ ಹಾಕಿಕೊಂಡೇ, ಚಿತ್ರ ತೆಗೆಯುವ ಆಳದಲ್ಲೇ, ಬಿಳಿ ಅಥವಾ ಬೂದು ಹಲಗೆಯನ್ನು ಬೆಳಕಿನ ಕಡೆ ತಿರುಗಿಸಿ ಹಿಡಿದು ಕ್ಯಾಮೆರಾಕ್ಕೆ ತೋರಿಸಿ, ಕಸ್ಟಮ್ ವೈಟ್ ಬ್ಯಾಲೆನ್ಸ್ ದಾಖಲಿಸಬೇಕು. ಪ್ರತಿ 2-3 ಮೀಟರ್ ಇಳಿದಾಗ ಅಥವಾ ಏರಿದಾಗ, ಮೋಡ ಅಡ್ಡ ಬಂದಾಗ, ಇದನ್ನು ಮತ್ತೆ ಮಾಡಬೇಕು. ನನ್ನ ಹಲಗೆಯ ಸೆರಗಿನ ತುಂಡು ಇಲ್ಲಿ ಎರಡು ಬಗೆಯಲ್ಲಿ ನೆರವಾಗುತ್ತದೆ: ಬಿಳಿ ತೆನೆ ಬಿಳಿಯಾಗಿಯೇ ಕಂಡಿತೇ ಎಂಬುದರಿಂದ ವೈಟ್ ಬ್ಯಾಲೆನ್ಸ್ ಸರಿಯಿದೆಯೇ ಎಂದು ತಿಳಿಯುತ್ತದೆ, ಕೆಂಪು ಎಷ್ಟು ಮರಳಿತು ಎಂಬುದರಿಂದ ಆ ಆಳದಲ್ಲಿ ಫಿಲ್ಟರಿಗೆ ಇನ್ನೂ ಕೆಲಸವಿದೆಯೇ ಎಂದು ತಿಳಿಯುತ್ತದೆ. ಕ್ಯಾಮೆರಾದಲ್ಲಿ ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಕಡತದ ಅನುಕೂಲವಿದ್ದರೆ ಅದರಲ್ಲೇ ತೆಗೆಯಿರಿ. ಮನೆಗೆ ಬಂದು ತಿದ್ದಬಹುದು. ಆದರೆ ಸೆನ್ಸರಿಗೆ ತಲುಪದೇ ಇದ್ದ ಕೆಂಪನ್ನು ಯಾವ ತಂತ್ರಾಂಶವೂ ನಿಜವಾಗಿ ಕೊಡಲಾರದು, ಎಳೆದಷ್ಟೂ ಕಾಳುಕಾಳಾದ ಚುಕ್ಕೆಗಳೇ ಬರುತ್ತವೆ.

ಇನ್ನು ಸ್ಟ್ರೋಬಿನ ವಿಷಯ. 1926ರಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಅವರು ಫ್ಲೋರಿಡಾದ ಡ್ರೈ ಟೋರ್ಟುಗಾಸ್ ಬಳಿ ನೀರಿನಡಿಯ ಮೊದಲ ಬಣ್ಣದ ಚಿತ್ರಗಳನ್ನು ತೆಗೆದಾಗ, ಸಾಕಷ್ಟು ಬೆಳಕಿಗಾಗಿ ತೆಪ್ಪವೊಂದರ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಗಿತ್ತು. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಸ್ಟ್ರೋಬ್ ಆ ಬೆಳಕನ್ನು ವಸ್ತುವಿನ ಪಕ್ಕಕ್ಕೇ ಒಯ್ಯುತ್ತದೆ. ಆದರೂ ಅದರ ಬೆಳಕಿಗೂ ನೀರಿನ ನಿಯಮವೇ ಅನ್ವಯ. ವಸ್ತು ಒಂದು ಮೀಟರ್ ದೂರವಿದ್ದರೆ ಬೆಳಕು ಹೋಗಿ ಬರುವ ದಾರಿ 2 ಮೀಟರ್. ಎರಡು ಮೀಟರ್ ದೂರವಿದ್ದರೆ 4 ಮೀಟರ್. ದೂರ ಇಮ್ಮಡಿಯಾದಾಗ ಬೆಳಕಿನ ತೀವ್ರತೆ ಹರಡುವಿಕೆಯಿಂದಲೇ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಹೀರಿಕೆ ಅದರ ಮೇಲೆ ಸೇರುತ್ತದೆ. ಎಷ್ಟೇ ಶಕ್ತಿಯ ಸ್ಟ್ರೋಬ್ ಕೊಂಡರೂ ಒಂದೂವರೆ ಮೀಟರಿನ ಆಚೆಗೆ ಒಳ್ಳೆಯ ಬಣ್ಣವನ್ನು ನಿರೀಕ್ಷಿಸಬಾರದು.

ಸ್ಟ್ರೋಬ್ ಕೊಂಡವರನ್ನು ಹೆಚ್ಚು ಕಾಡುವುದು ಬ್ಯಾಕ್‌ಸ್ಕ್ಯಾಟರ್, ಅಂದರೆ ನೀರಿನಲ್ಲಿ ತೇಲುವ ಕಣಗಳು ಬೆಳಗಿ ಚಿತ್ರದ ತುಂಬ ಹಿಮದಂತೆ ಬಿಳಿ ಚುಕ್ಕೆಗಳಾಗುವುದು. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿಯನ್ನು ನೆನೆಸಿಕೊಂಡರೆ ಸಾಕು. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲಕೋಲು ಇಳಿದಾಗ ಅದರೊಳಗೆ ಧೂಳಿನ ಕಣಗಳು ಕುಣಿಯುವುದು ಕಾಣುತ್ತದೆ. ಧೂಳು ಕೋಣೆಯ ತುಂಬ ಇದ್ದರೂ ಬಿಸಿಲು ಬೀಳದ ಕಡೆ ಒಂದು ಕಣವೂ ಕಾಣುವುದಿಲ್ಲ. ನೀರಿನಡಿಯೂ ಅಷ್ಟೇ: ಲೆನ್ಸಿಗೂ ವಸ್ತುವಿಗೂ ನಡುವಿನ ನೀರಿನ ಮೇಲೆ ಸ್ಟ್ರೋಬಿನ ಬೆಳಕು ಬೀಳದಂತೆ ನೋಡಿಕೊಂಡರೆ ಕಣಗಳು ಇದ್ದರೂ ಚಿತ್ರದಲ್ಲಿ ಬರುವುದಿಲ್ಲ. ಅದಕ್ಕಾಗಿಯೇ ಸ್ಟ್ರೋಬುಗಳನ್ನು ಉದ್ದ ತೋಳುಗಳ ತುದಿಯಲ್ಲಿ ಎರಡೂ ಬದಿಗೆ ಚಾಚಿ, ಹೌಸಿಂಗಿನ (ಕ್ಯಾಮೆರಾಕ್ಕೆ ನೀರು ತಗಲದಂತೆ ಮುಚ್ಚುವ ಪೆಟ್ಟಿಗೆಯ) ಮುಂಭಾಗದ ಗಾಜಿಗಿಂತ ಸ್ವಲ್ಪ ಹಿಂದೆ ನಿಲ್ಲಿಸಿ, ನೇರ ಮುಂದಕ್ಕೆ ಅಥವಾ ತುಸು ಹೊರಮುಖವಾಗಿ ತಿರುಗಿಸಬೇಕು. ಬೆಳಕಿನ ಕೋಲಿನ ನಡುಭಾಗವಲ್ಲ, ಅಂಚು ಮಾತ್ರ ವಸ್ತುವನ್ನು ಸವರಬೇಕು. ಟಾರ್ಚಿನಂತೆ ನೇರವಾಗಿ ವಸ್ತುವಿನತ್ತ ಗುರಿಯಿಡುವುದು ಸಹಜ ಪ್ರವೃತ್ತಿ, ಮತ್ತು ಅದೇ ತಪ್ಪು. ಕ್ಯಾಮೆರಾದ ಒಳಗಿನ ಫ್ಲಾಶ್ ಲೆನ್ಸಿಗೆ ಅಂಟಿಕೊಂಡೇ ಇರುವುದರಿಂದ ಅದರ ಬೆಳಕು ನೀರಿಗೆ ಬೀಳದಂತೆ ಮುಚ್ಚಬೇಕು. ಆಪ್ಟಿಕಲ್ ಫೈಬರ್ ಕೇಬಲ್ ಮೂಲಕ ಸ್ಟ್ರೋಬಿಗೆ ಸಂಕೇತ ಕೊಡುವಷ್ಟಕ್ಕೇ ಅದರ ಕೆಲಸ ಸೀಮಿತವಾಗಿರಲಿ.

ಸಮುದ್ರದಿಂದ ದೂರವಿರುವ ನಮಗೆ ಇದನ್ನು ಮನೆಯಲ್ಲೇ ಅಭ್ಯಾಸ ಮಾಡುವ ದಾರಿಯಿದೆ. ಗಾಜಿನ ಮೀನಿನ ತೊಟ್ಟಿಗೆ ನೀರು ತುಂಬಿ, ಒಂದು ಚಿಟಿಕೆ ಜೋಳದ ಹಿಟ್ಟು ಕದಡಿ, ಹಿಂದೊಂದು ಬಣ್ಣದ ಆಟಿಕೆಯನ್ನಿಟ್ಟು, ರಾತ್ರಿ ದೀಪ ಆರಿಸಿ ಚಿತ್ರ ತೆಗೆಯಿರಿ. ಮೊದಲು ಬೆಳಕನ್ನು ಲೆನ್ಸಿನ ಪಕ್ಕದಿಂದ ಕೊಡಿ, ಆಮೇಲೆ ತೊಟ್ಟಿಯ ಬದಿಯಿಂದ ಆಟಿಕೆಯ ಮೇಲಷ್ಟೇ ಬೀಳುವಂತೆ ಕೊಡಿ. ಎರಡು ಚಿತ್ರಗಳ ನಡುವಿನ ಅಂತರವನ್ನು ಒಮ್ಮೆ ಕಣ್ಣಾರೆ ಕಂಡವರು ಸ್ಟ್ರೋಬಿನ ತೋಳನ್ನು ಮತ್ತೆಂದೂ ಒಳಕ್ಕೆ ಮಡಚುವುದಿಲ್ಲ. ಸ್ಟ್ರೋಬನ್ನು ಹೊರಗಿನ ಗಾಳಿಯಲ್ಲಿ ಪೂರ್ಣ ಶಕ್ತಿಯಲ್ಲಿ ಮೇಲಿಂದ ಮೇಲೆ ಹೊಡೆಯಬೇಡಿ, ಬಿಸಿಯಾಗುತ್ತದೆ. ಈ ಪ್ರಯೋಗಕ್ಕೆ ಸಣ್ಣ ಟಾರ್ಚ್ ಸಾಕು. ಅಭ್ಯಾಸಕ್ಕೆಂದು ಆಲಮಟ್ಟಿ ಹಿನ್ನೀರಿಗೋ ಬಾವಿಗೋ ಒಬ್ಬರೇ ಇಳಿಯುವ ವಿಚಾರವನ್ನು ಮಾತ್ರ ಖಂಡಿತ ಮಾಡಬೇಡಿ.

ಕ್ಯಾಮೆರಾವನ್ನು ಮ್ಯಾನುಯಲ್ ಕ್ರಮದಲ್ಲಿಡಿ. ಸ್ಟ್ರೋಬಿನ ಮಿಂಚು ಶಟರಿನ ಅವಧಿಗಿಂತ ಬಹಳ ಚಿಕ್ಕದಾದ್ದರಿಂದ, ಹತ್ತಿರದ ವಸ್ತುವಿನ ಬೆಳಕನ್ನು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಮತ್ತು ಸ್ಟ್ರೋಬಿನ ಶಕ್ತಿ ನಿರ್ಧರಿಸುತ್ತವೆ. ಹಿನ್ನೆಲೆಯ ನೀರು ಎಷ್ಟು ತಿಳಿಯಾಗಿ ಅಥವಾ ಗಾಢವಾಗಿ ಬರಬೇಕೆಂಬುದನ್ನು ಶಟರ್ ವೇಗದಿಂದ ಹೊಂದಿಸಬಹುದು. ವಿಶಾಲ ದೃಶ್ಯಕ್ಕೆ ಐಎಸ್ಒ 200, ಎಫ್/8, 1/125 ಸೆಕೆಂಡಿನಿಂದ ಆರಂಭಿಸಿ, ನೀರು ಮಂಕಾಗಿ ಬಂದರೆ ಶಟರನ್ನು ನಿಧಾನಗೊಳಿಸಿ. ಚಿಪ್ಪಿಲ್ಲದ ಕಡಲ ಬಸವನಹುಳುವಿನಂಥ ಕಿರುಜೀವಿಗಳಿಗೆ ಎಫ್/16 ಮತ್ತು 1/200 ಸೆಕೆಂಡ್ ಹೊಂದುತ್ತದೆ. ಆಗ ಸ್ಟ್ರೋಬುಗಳನ್ನು ಲೆನ್ಸಿನ ಎರಡೂ ಬದಿಗೆ ಹತ್ತಿರ ತರಬಹುದು, ನಡುವೆ ನೀರೇ ಕಡಿಮೆಯಿರುವುದರಿಂದ ಕಣಗಳ ಕಾಟ ಅಷ್ಟಾಗಿ ಇರುವುದಿಲ್ಲ. ಅನೇಕ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡಿಗಿಂತ ವೇಗದ ಶಟರ್ ಸ್ಟ್ರೋಬಿನೊಂದಿಗೆ ಹೊಂದದೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ. ಸ್ಟ್ರೋಬಿಗೆ ಡಿಫ್ಯೂಸರ್ ಹಾಕಿದರೆ ಬೆಳಕು ಮೃದುವಾಗಿ ಅಗಲಕ್ಕೆ ಹರಡುತ್ತದೆ.

ಫಿಲ್ಟರ್ ಮತ್ತು ಸ್ಟ್ರೋಬ್ ಎರಡನ್ನೂ ಒಟ್ಟಿಗೆ ಬಳಸಬೇಡಿ. ಸ್ಟ್ರೋಬಿನ ಬೆಳಕಿನಲ್ಲಿ ಕೆಂಪು ಆಗಲೇ ಇರುತ್ತದೆ, ಕೆಂಪು ಫಿಲ್ಟರ್ ಅದರ ನೀಲಿಯನ್ನು ಕಸಿದುಕೊಂಡರೆ ಎದುರಿನ ಮೀನು ಗುಲಾಬಿಯಾಗುತ್ತದೆ. ನೇತ್ರಾಣಿಯಲ್ಲಿ ಹಳದಿ ಚಿಟ್ಟೆಮೀನಿನ ಜೋಡಿಯೊಂದು ನನ್ನ ಮುಂದೆಯೇ ಬಹಳ ಹೊತ್ತು ಮೇಯುತ್ತಿದ್ದಾಗ, ಹಿಂದಿನ ಡೈವಿನ ಫಿಲ್ಟರನ್ನು ಲೆನ್ಸಿನಿಂದ ತೆಗೆಯದೆ ಇಳಿದಿದ್ದ ನಾನು ಅಂಥ ಅವಕಾಶವನ್ನು ಪೂರ್ತಿ ಕಳೆದುಕೊಂಡೆ. ಹೌಸಿಂಗಿನ ಹೊರಗೆ ಸಿಕ್ಕಿಸುವ ಫಿಲ್ಟರ್ ಆಗಿದ್ದರೆ ನೀರಿನಡಿಯೇ ತೆಗೆಯಬಹುದಿತ್ತು. ಒಳಗಿನದನ್ನು ತೆಗೆಯುವ ದಾರಿ ಇರಲಿಲ್ಲ. ಹೊಸದಾಗಿ ಕೊಳ್ಳುವವರಿಗೆ ಹೊರಗಿನದನ್ನೇ ನಾನು ಸೂಚಿಸುತ್ತೇನೆ, ಹಾಗೂ ಅದಕ್ಕೊಂದು ದಾರ ಕಟ್ಟಿಕೊಳ್ಳಲು ಹೇಳುತ್ತೇನೆ.

ಇವೆಲ್ಲಕ್ಕೂ ಮುಂಚೆ ಬೇಕಾದದ್ದು ನೀರಿನಲ್ಲಿ ಏರದೆ ಇಳಿಯದೆ ತೂಗಿ ನಿಲ್ಲುವ ಹಿಡಿತ. ಕೈಯಲ್ಲಿ ಕ್ಯಾಮೆರಾ ಇದ್ದಾಗ ಗಾಳಿಯ ಮಾಪಕವನ್ನು ನೋಡುವುದು ತಪ್ಪಿಹೋಗುತ್ತದೆ, ಕಾಲಿನ ಫಿನ್ ಹವಳಕ್ಕೆ ತಗಲುತ್ತದೆ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿ. ಮುರಿದ ಒಂದು ಕೊಂಬೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ತರಬೇತಿ ಮುಗಿಸಿ, ಕ್ಯಾಮೆರಾ ಇಲ್ಲದೆ ಸಾಕಷ್ಟು ಸಲ ಇಳಿದು, ಮೈ ಹದಕ್ಕೆ ಬಂದ ಮೇಲೆಯೇ ಅದನ್ನು ಕೈಗೆತ್ತಿಕೊಳ್ಳಬೇಕು. ಒಂದೇ ಜೀವಿಯ ಮುಖಕ್ಕೆ ಮತ್ತೆ ಮತ್ತೆ ಸ್ಟ್ರೋಬ್ ಹೊಡೆಯುವುದೂ ಸಲ್ಲದು.

ಪ್ರಯಾಣಕ್ಕೆ ಮುನ್ನ ಖಾಲಿ ಹೌಸಿಂಗಿನೊಳಗೆ ಒಣ ಕಾಗದವಿಟ್ಟು ಅರ್ಧ ಗಂಟೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡಿ; ಕಾಗದ ಒಣಗಿಯೇ ಉಳಿದರೆ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಸರಿಯಿದೆ ಎಂದರ್ಥ. ಓ-ರಿಂಗ್ ಮೇಲೆ ಒಂದೇ ಒಂದು ಕೂದಲು ಕುಳಿತರೂ ನೀರು ಒಳಗೆ ಬರಬಹುದಾದ್ದರಿಂದ, ಬೆಳಕಿನಲ್ಲಿ ಬೆರಳಾಡಿಸಿ ನೋಡಿ, ತಯಾರಕರು ಸೂಚಿಸಿದ ಗ್ರೀಸನ್ನು ತೆಳುವಾಗಿ ಸವರಬೇಕು. ಡೈವ್ ಮುಗಿದ ಕೂಡಲೇ, ಉಪ್ಪು ಒಣಗುವ ಮೊದಲೇ, ಕ್ಯಾಮೆರಾ ಮತ್ತು ಸ್ಟ್ರೋಬುಗಳನ್ನು ಮುಚ್ಚಿದ ಸ್ಥಿತಿಯಲ್ಲಿಯೇ ಸಿಹಿನೀರಿನಲ್ಲಿ ನೆನೆಹಾಕಿ, ಗುಂಡಿಗಳನ್ನೆಲ್ಲ ಒತ್ತಿ ಬಿಡಬೇಕು. ಊರಿಗೆ ಮರಳಿ ಮತ್ತೊಮ್ಮೆ ತೊಳೆಯುವವರು ಬೋರ್‌ವೆಲ್ಲಿನ ಗಡಸು ನೀರನ್ನು ಬಳಸಬಾರದು, ಅದು ಗಾಜಿನ ಮೇಲೆ ಬಿಳಿ ಕಲೆ ಉಳಿಸುತ್ತದೆ. ಕುಡಿಯುವ ನೀರು ವಾಸಿ. ಬ್ಯಾಟರಿಗಳನ್ನು ಸ್ಟ್ರೋಬಿನಿಂದ ಹೊರತೆಗೆದು, ಮುಚ್ಚಳ ಸಡಿಲವಾಗಿಟ್ಟು, ನೆರಳಿನಲ್ಲಿ ಒಣಗಿಸಿಡಿ.