ಬೆಟ್ಟ ಹತ್ತುವಾಗ ನಾನು ಗುಂಪಿನ ಬಾಲ ನೋಡುತ್ತೇನೆ

ಗುಂಪನ್ನು ಬೆಟ್ಟಕ್ಕೆ ಕರೆದುಕೊಂಡು ಹೋದಾಗ ನನ್ನ ಗಮನವೆಲ್ಲ ಕೊನೆಯಲ್ಲಿ ಬರುವವರ ಮೇಲೆ. ವಸಂತದ ಬಿಸಿಲಿನ ದಿನವಂತೂ ಇದು ಇನ್ನೂ ಮುಖ್ಯ. ಆಕಾಶ ತಿಳಿಯಾಗಿರುತ್ತದೆ, ತಂಗಾಳಿ ಬೀಸುತ್ತಿರುತ್ತದೆ, ಎಲ್ಲರಿಗೂ ಓಡುವಷ್ಟು ಹುಮ್ಮಸ್ಸು. ಆದರೆ ಚಳಿಗಾಲವೆಲ್ಲ ಕೂತಿದ್ದ ಕಾಲುಗಳು ಅಲ್ವಾ? ಮೊದಲ ಏರಿನಲ್ಲೇ ಸಾಲು ಉದ್ದವಾಗಿಬಿಡುತ್ತದೆ.

ಹಾಗಾಗಿ ಹೊರಡುವ ಮೊದಲೇ ಇಬ್ಬರನ್ನು ಗೊತ್ತುಮಾಡುತ್ತೇನೆ. ದಾರಿ ಬಲ್ಲವರೊಬ್ಬರು ಮುಂದೆ, ಪಳಗಿದವರೊಬ್ಬರು ಎಲ್ಲರಿಗಿಂತ ಹಿಂದೆ. ನಿಧಾನ ನಡೆಯುವವರು ದಾರಿ ತೋರಿಸುವವರ ಬೆನ್ನಿಗೇ ಇರಬೇಕು, ಆಗ ಗುಂಪಿನ ವೇಗ ತಾನಾಗಿಯೇ ತಗ್ಗುತ್ತದೆ. ಮಾತಾಡುತ್ತಾ ಹತ್ತಲು ಆಗುತ್ತಿಲ್ಲ ಅಂದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ.

ಇನ್ನು ವಿಶ್ರಾಂತಿ. ಮುಂದೆ ಬಂದವರು ಹತ್ತು ನಿಮಿಷದಿಂದ ಕೂತಿರುತ್ತಾರೆ. ನೀರು ಕುಡಿದಾಯಿತು, ಫೋಟೋ ತೆಗೆದಾಯಿತು. ಅಷ್ಟರಲ್ಲಿ ಕೊನೆಯವರು ಏದುಸಿರು ಬಿಡುತ್ತಾ ಬರುತ್ತಾರೆ. ಮುಖ ಕೆಂಪಾಗಿದೆ, ಬ್ಯಾಗಿನ ಪಟ್ಟಿಯಡಿ ಅಂಗಿ ಒದ್ದೆ. ಅವರು ಬಂದದ್ದೇ ತಡ, "ಸರಿ, ಹೊರಡೋಣ್ವಾ?" ಅಂತ ಎಲ್ಲರೂ ಎದ್ದು ನಿಲ್ಲುತ್ತಾರೆ. ಯಾರಿಗೆ ನಿಜವಾಗಿ ವಿಶ್ರಾಂತಿ ಬೇಕಿತ್ತೋ ಅವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಇದನ್ನು ನನಗೆ ನೋಡಲಾಗುವುದಿಲ್ಲ. ಕೊನೆಯವರು ಬ್ಯಾಗ್ ಕೆಳಗಿಟ್ಟ ಮೇಲೆಯೇ ನನ್ನ ಹತ್ತು ನಿಮಿಷ ಶುರು. "ಪರವಾಗಿಲ್ಲ, ನಡೀರಿ" ಅಂತ ಅವರು ಸಂಕೋಚದಿಂದ ಹೇಳಿದರೂ ನಾನು ಏಳುವುದಿಲ್ಲ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಬಳಸುತ್ತೇನೆ. ಗಂಟೆಗೆ ಸುಮಾರು 5 ಕಿ.ಮೀ. ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿ.ಮೀ. ದಾರಿ, 600 ಮೀಟರ್ ಏರು ಅಂದರೆ ಮೂರು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ ಆಗುವ ಲೆಕ್ಕ. ಗುಂಪಿದ್ದರೆ ನಾನು ಅರ್ಧದಷ್ಟು ಜಾಸ್ತಿ ಹಿಡಿಯುತ್ತೇನೆ.

ವಸಂತದ ಬಿಸಿಲು ಮೋಸ ಮಾಡುತ್ತದೆ. ಗಾಳಿ ತಣ್ಣಗಿರುವುದರಿಂದ ಚರ್ಮ ಸುಡುತ್ತಿರುವುದು ತಿಳಿಯುವುದೇ ಇಲ್ಲ. ಸುಡುವುದು ಅತಿನೇರಳೆ ಕಿರಣ, ಕಾವಲ್ಲ. ಸಾವಿರ ಮೀಟರ್ ಮೇಲೇರಿದರೆ ಆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಗಾಳಿ ಮಾತ್ರ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಅದಕ್ಕೇ ಎರಡು ಗಂಟೆಗೊಮ್ಮೆ ಎಲ್ಲರಿಗೂ ಸನ್‌ಸ್ಕ್ರೀನ್ ಹಚ್ಚಿಸುತ್ತೇನೆ. ಕಿವಿ ಮತ್ತು ಕುತ್ತಿಗೆಯ ಹಿಂಭಾಗವನ್ನು ಜನ ಮರೆತೇಬಿಡುತ್ತಾರೆ. ತುದಿ ತಲುಪಿದ ಕೂಡಲೇ ಜಾಕೆಟ್. ಬೆವರಿದ ಬೆನ್ನಿಗೆ ಗಾಳಿ ಹೊಡೆದರೆ ನಡುಕ ಹತ್ತುವುದು ಬೇಗ.

ಇಳಿಯುವ ಮುಂಚೆ ಎಲ್ಲರ ಶೂ ಲೇಸ್ ಬಿಚ್ಚಿಸಿ ಮತ್ತೆ ಕಟ್ಟಿಸುತ್ತೇನೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಬೆರಳುಗಳ ಹತ್ತಿರ ಸಡಿಲ ಬಿಟ್ಟು, ಪಾದದ ಮೇಲ್ಭಾಗದಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ಬೆರಳು ಶೂ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ಮರುದಿನದ ತೊಡೆನೋವಿಗೂ ಹೆಚ್ಚಾಗಿ ಇಳಿತವೇ ಕಾರಣ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ.

ಕೆಳಗೆ ಬಂದವರು ಹಾಗೇ ಹೊರಟುಬಿಡಲು ನಾನು ಬಿಡುವುದಿಲ್ಲ. ತಲೆ ಎಣಿಸಿ, ಹಿಂದಿನವರು "ನನ್ನ ಹಿಂದೆ ಯಾರೂ ಇಲ್ಲ" ಅಂದ ಮೇಲೆಯೇ ಎಲ್ಲರಿಗೂ ಬಿಡುವು.