ಡಿಸ್ಚಾರ್ಜ್ ದಿನ ಹಳೇ ಮಾತ್ರೆ ಚೀಲಾನೂ ತಗೊಂಡ್ ಹೋಗಿ

ಮಣಿಪಾಲಕ್ಕೋ ಹುಬ್ಬಳ್ಳಿಗೋ ಸೇರಿಸಿದ ಪೇಷಂಟನ್ನ ವಾಪಸ್ ಕರ್ಕೊಂಡು ಬರೋ ದಿನ ನಮ್ ಕಡೆಯವರ ಗಡಿಬಿಡಿ ಗೊತ್ತಲ್ಲ, ಇನ್ಶೂರೆನ್ಸ್ ಕ್ಲಿಯರ್ ಆಗೋದ್ರೊಳಗೆ ಸಂಜೆ, ಕೆಳಗೆ ಡ್ರೈವರು ಮಳೆ ಬರ್ತದೆ ಘಾಟಿ ಹತ್ಬೇಕು ಅಂತ ಫೋನ್ ಮೇಲೆ ಫೋನು, ಫಾರ್ಮಸಿಲಿ ಕೊಟ್ಟ ಕವರ್ ಹಾಗೇ ಚೀಲಕ್ಕೆ ತುಂಬ್ಕೊಂಡು ಹೊರಟುಬಿಡ್ತೀವಿ. ನಮ್ಮನೇಲಿ ಆಗಿದ್ದು ಹೇಳ್ತೆ. ಅಪ್ಪಂಗೆ ಮೊದ್ಲಿಂದ ಬಿಪಿಗೆ ಒಂದು ಮಾತ್ರೆ ಇತ್ತು, ಆಸ್ಪತ್ರೆಲಿ ಬರ್ಕೊಟ್ಟಿದ್ದೂ ಅದೇ ಟೆಲ್ಮಿಸಾರ್ಟನ್, ಕಂಪನಿ ಇಟ್ಟ ಹೆಸರು ಮಾತ್ರ ಬೇರೆ. ಐದು ದಿನ ಎರಡನ್ನೂ ನುಂಗಿ ಆರನೇ ದಿನ ಬಚ್ಚಲಲ್ಲಿ ತಲೆ ತಿರುಗಿ ಕೂತ್ಬಿಟ್ರು. ಅದನ್ನ ಹಿಡಿದಿದ್ದು ಶಿರಸಿಯ ನಮ್ಮ ಮೆಡಿಕಲ್ ಶಾಪಿನ ಫಾರ್ಮಸಿಸ್ಟು, ಎರಡೂ ಮಾತ್ರೆ ಪಟ್ಟಿ ಪಕ್ಕಪಕ್ಕ ಇಟ್ಟು ಸಣ್ಣ ಅಕ್ಷರದಲ್ಲಿದ್ದ ಔಷಧಿ ಹೆಸರು ಒಂದೇ ಅಂತ ತೋರಿಸಿದ್ರು.

ಅದಕ್ಕೇ ಡಿಸ್ಚಾರ್ಜಿನ ಹಿಂದಿನ ದಿನವೇ ಮನೇಲಿರೋ ಎಲ್ಲಾ ಔಷಧಿ ತರಿಸ್ಕೊಳ್ಳಿ. ಎಲ್ಲಾ ಅಂದ್ರೆ ಎಲ್ಲಾ, ಮಂಡಿನೋವಿನ ಮಾತ್ರೆ, ಆಯುರ್ವೇದದ ಡಬ್ಬಿ, ಕಷಾಯದ ಪುಡಿಲಿ ಏನೇನಿದೆ ಅನ್ನೋದೂ. ಕಷಾಯ ಏನ್ಮಾಡ್ತದೆ ಅಂತೀರಾ, ಜ್ಯೇಷ್ಠಮಧು ಜಾಸ್ತಿ ಕುಡಿದ್ರೆ ಬಿಪಿ ಏರ್ತದೆ, ಪೊಟ್ಯಾಷಿಯಂ ಇಳೀತದೆ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು ಜೊತೆಗೆ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ನುಂಗಿದ್ರೆ ರಕ್ತಸ್ರಾವದ ಭಯ.

ಆಮೇಲೆ ಆಸ್ಪತ್ರೆ ಫಾರ್ಮಸಿಲಿ ಬಿಲ್ ಹೊಡೆಯೋ ಹುಡುಗನ್ನ ಬಿಟ್ಟು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಯಾರು ಅಂತ ಕೇಳಿ, ಹತ್ತು ನಿಮಿಷ ಬೇಕು ಅನ್ನಿ, ನಾಚ್ಕೋಬೇಡಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದಲ್ಲೇ ಪೇಷಂಟಿಗೆ ತಿಳಿಸಿ ಹೇಳೋದು ಅವರ ಕೆಲಸ ಅಂತ ಇದೆ. ಹಳೇದು ಹೊಸದು ಎಲ್ಲಾ ಟೇಬಲ್ ಮೇಲೆ ಸುರಿದು ಯಾವ್ದು ಮುಂದುವರೀಬೇಕು, ಯಾವ್ದು ನಿಲ್ಲಿಸ್ಬೇಕು, ಯಾವುದರ ಡೋಸ್ ಬದಲಾಗಿದೆ ಅಂತ ಬೇರೆ ಬೇರೆ ಮಾಡಿಸ್ಕೊಳ್ಳಿ. ಡೌಟ್ ಬಂದ್ರೆ ಅವರೇ ಡಾಕ್ಟರಿಗೆ ಫೋನ್ ಮಾಡ್ಲಿ, ನೀವಾಗೇ ಯಾವ್ದನ್ನೂ ನಿಲ್ಲಿಸ್ಬೇಡಿ.

ಚೀಟಿಲಿ 1-0-1 ಅಂದ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಇದು ಸುಮಾರು ಜನಕ್ಕೆ ಗೊತ್ತು. ವಾರಕ್ಕೊಂದೇ ಮಾತ್ರೆ ಇದ್ರೆ ಮಾತ್ರ ಬಹಳ ಹುಷಾರು, ಸಂಧಿವಾತಕ್ಕೆ ಕೊಡೋ ಮೆಥೋಟ್ರೆಕ್ಸೇಟ್ ದಿನಾ ನುಂಗಿ ಜೀವಕ್ಕೇ ಕುತ್ತು ಬಂದಿದ್ದಿದೆ, ಸೋಮವಾರನೋ ಗುರುವಾರನೋ, ಯಾವ ದಿನ ಅಂತ ಕವರ್ ಮೇಲೆ ದಪ್ಪಕ್ಕೆ ಬರೆಸಿ.

ಕಂಪನಿ ಹೆಸರಿನ ಪಕ್ಕ ಔಷಧದ ಮೂಲ ಹೆಸರನ್ನೂ ಬರೆಸ್ಕೊಳ್ಳಿ, ಹದಿನೈದು ದಿನಕ್ಕೆ ಮಾತ್ರೆ ಖಾಲಿಯಾದಾಗ ಆ ಕಂಪನಿದು ಅಂಕೋಲಾದಲ್ಲೋ ಸಿದ್ದಾಪುರದಲ್ಲೋ ಸಿಗ್ದೇ ಹೋದ್ರೂ ಅದೇ ಔಷಧಿ ಬೇರೆ ಹೆಸರಲ್ಲಿ ಸಿಗ್ತದೆ, ಜನೌಷಧಿಲಂತೂ ಮೂಲ ಹೆಸರಲ್ಲೇ ಕೊಡೋದು.

ಇನ್ಸುಲಿನ್ ಇದ್ರೆ ಐಸ್‌ಗೆ ನೇರ ತಾಗಿಸ್ಬೇಡಿ, ಹೆಪ್ಪುಗಟ್ಟಿದ್ರೆ ಎಸೆಯೋದೇ. ಬಿಸಿಲಲ್ಲಿ ನಿಂತ ಕಾರಲ್ಲೂ ಬಿಡ್ಬೇಡಿ. ಸೀಲ್ ಒಡೆಯದ್ದು ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿಲಿ ಇರ್ಬೇಕು, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎರಡೆರಡು ದಿನ ಹೋಗ್ತದಲ್ಲ, ಆಗ ಏನ್ಮಾಡೋದು ಅಂತಾನೂ ಅಲ್ಲೇ ಕೇಳ್ಕೊಂಡು ಬನ್ನಿ.

ಊರಿಗೆ ಬಂದ್ಮೇಲೆ ಡಿಸ್ಚಾರ್ಜ್ ಸಮರಿ ಜೆರಾಕ್ಸ್ ಒಂದು ನಿಮ್ಮ ಮೆಡಿಕಲ್ ಶಾಪಿಗೆ ಕೊಟ್ಟಿಡಿ. ನಿಲ್ಲಿಸಿದ ಮಾತ್ರೆ ದಿನಾ ತಗೊಳ್ಳೋ ಮಾತ್ರೆ ಡಬ್ಬಿಲಿ ಇಡ್ಬೇಡಿ, ನಮ್ಮಪ್ಪ ಅಂತೂ ದುಡ್ಡು ಕೊಟ್ಟು ತಂದಿದ್ದು ಎಸೀಬಾರ್ದು ಅಂತ ಇನ್ನೂ ಎರಡು ಪಟ್ಟಿ ಕಪಾಟಿನ ಮೇಲೆ ಬಚ್ಚಿಟ್ಟಿದ್ರು.